ಹಸಿ ಗೊಬ್ಬರ ಕಲಿಸಿದ ಪಾಠ

ಗೊಬ್ಬರ ಹಾಕಿದ್ದಕ್ಕೇ ಬೆಳೆ ಹಳದಿಯಾಯಿತು ಅಂದ್ರೆ ಯಾರೂ ನಂಬಲ್ಲ. 2015ರಲ್ಲಿ ನನ್ನ ಹೊಲದಲ್ಲಿ ಆದದ್ದು ಅದೇ.

ನಮ್ಮದು ಶಿರಾ ತಾಲ್ಲೂಕಿನಲ್ಲಿ ನಾಲ್ಕು ಎಕರೆ ಖುಷ್ಕಿ. ಮರಳು ಸೇರಿದ ಕೆಂಪು ನೆಲ. ಬೋರ್ ಇಲ್ಲ, ಮಳೆ ನಂಬಿದ ಬದುಕು. ಒಂದು ವರ್ಷ ರಾಗಿ, ಮರುವರ್ಷ ಕಡ್ಲೆಕಾಯಿ. ನಾನು ಓದಿದ್ದು ಏಳನೇ ತರಗತಿ. ಇಲ್ಲಿ ಬರೆದಿರೋದರಲ್ಲಿ ಅರ್ಧ ಹೊಲ ಕಲಿಸಿದ್ದು, ಅರ್ಧ ತಿಳಿದವರನ್ನು ಕೇಳಿಕೊಂಡದ್ದು.

ಆ ವರ್ಷ ಹಳೇ ತಿಪ್ಪೆ ಗೊಬ್ಬರ ಸಾಲಲಿಲ್ಲ. ಹಸಿ ಸೆಗಣಿ, ದನ ತಿಂದು ಬಿಟ್ಟ ರಾಗಿಹುಲ್ಲು, ಕಡ್ಲೆಕಾಯಿ ಸಿಪ್ಪೆ ಎಲ್ಲ ಸೇರಿಸಿ ಒಂದು ಎಕರೆಗೆ ಹದಿನೈದು ಗಾಡಿ ಹೊಡೆದೆ. ಹೇಗೂ ಹೊಲದಲ್ಲೇ ಕೊಳೀತದೆ ಅನ್ನೋ ಧೈರ್ಯ. ರಾಗಿ ಚೆನ್ನಾಗೇ ಹುಟ್ಟಿತು. ಇಪ್ಪತ್ತು ದಿನಕ್ಕೆ ಪೈರು ಹಳದಿ ತಿರುಗಿತು, ಗೆದ್ದಲೂ ಎದ್ದಿತು. ಗೊಬ್ಬರವೇ ಕಾಣದ ಪಕ್ಕದ ತಾಕು ಹಸಿರಾಗಿತ್ತು! ಆ ಎಕರೆಯಲ್ಲಿ ಸಿಕ್ಕಿದ್ದು ಮೂರೇ ಮೂಟೆ.

'ದನ ಕಟ್ಕೊಂಡು ಏಗಿದ್ದು ಸಾಕಪ್ಪ, ಮಾರ್ಬಿಡು. ಆ ದುಡ್ಡಿಗೆ ಮೂಟೆ ಗೊಬ್ಬರ ತರಾಣ' ಅಂದ ಮಗ. ಉತ್ತರ ಕೊಡೋಕೆ ಬಾಯಿ ಬರಲಿಲ್ಲ. ಎರಡು ಎತ್ತು, ಎರಡು ಹಸು. ಬೇಸಿಗೆಯಲ್ಲಿ ಮೇವು ಕೊಂಡು ಸಾಕಬೇಕು. ಅವನು ಹೇಳಿದ್ದು ಸುಳ್ಳಲ್ಲ.

ಮಣ್ಣೊಳಗೆ ಆದದ್ದೇನು?

2016ರಲ್ಲಿ ಮಣ್ಣು ಪರೀಕ್ಷೆ ಮಾಡಿಸಿದೆ. ಸಾವಯವ ಇಂಗಾಲ ಶೇಕಡಾ 0.31. ಅರ್ಧಕ್ಕಿಂತ ಕಡಿಮೆ ಇದ್ದರೆ ಬಡ ಮಣ್ಣು, 0.75 ದಾಟಿದರೆ ಉತ್ತಮ ಅಂತ ಲೆಕ್ಕ.

ಮಣ್ಣಿನ ಜೀವಾಣುಗಳಿಗೆ ಇಂಗಾಲವೇ ಊಟ. ತಿಂದದ್ದರಲ್ಲಿ ಹೆಚ್ಚಿನ ಪಾಲು ಉಸಿರಾಗಿ ಗಾಳಿಗೆ ಹೋಗುತ್ತೆ, ಸ್ವಲ್ಪ ಮಾತ್ರ ಕಪ್ಪು ಸಾರವಾಗಿ ಮಣ್ಣಲ್ಲಿ ಉಳಿಯುತ್ತೆ. ಊಟದ ಜೊತೆ ಅವಕ್ಕೆ ಸಾರಜನಕವೂ ಬೇಕು. ಒಣಹುಲ್ಲಿನಲ್ಲಿ ಒಂದು ಪಾಲು ಸಾರಜನಕಕ್ಕೆ ಇಂಗಾಲ 50 ಪಾಲಿಗಿಂತ ಹೆಚ್ಚು. ಚೆನ್ನಾಗಿ ಕಳಿತ ಗೊಬ್ಬರದಲ್ಲಿ ಸುಮಾರು 20. ಹುಲ್ಲು, ಸಿಪ್ಪೆ ಹಾಕಿದರೆ ಸಾಲದ ಸಾರಜನಕವನ್ನು ಜೀವಾಣುಗಳು ಮಣ್ಣಿನಿಂದಲೇ ಕಿತ್ತುಕೊಳ್ಳುತ್ತವೆ. ಪೈರು ಉಪವಾಸ. ನನ್ನ ರಾಗಿ ಹಳದಿಯಾದದ್ದು ಇದಕ್ಕೇ.

ನಮ್ಮ ಬಿಸಿಲು ಸೀಮೆಯಲ್ಲಿ ಇಂಗಾಲ ಬೇಗ ಕರಗುತ್ತೆ. ಕಾದ ನೆಲಕ್ಕೆ ಭರಣಿ ಮಳೆ ಬಿದ್ದರೆ ಜೀವಾಣುಗಳಿಗೆ ಹಬ್ಬ. ಉತ್ತಷ್ಟೂ ಗಾಳಿಯಾಡಿ ಇನ್ನೂ ಬೇಗ ತಿಂದು ಮುಗಿಸುತ್ತವೆ. ಹಸಿ ಸೊಪ್ಪು ಸೇರಿಸಿದಾಗ ಚುರುಕಾಗಿ ಹಳೇ ಸಾರಕ್ಕೂ ಬಾಯಿ ಹಾಕೋದುಂಟು. ಕಳಿತ ಗೊಬ್ಬರದಲ್ಲಿ ಬೇಗ ಕರಗುವ ಭಾಗ ತಿಪ್ಪೆಯಲ್ಲೇ ಮುಗಿದಿರುತ್ತೆ, ಉಳಿದದ್ದು ಹೊಲದಲ್ಲಿ ನಿಧಾನವಾಗಿ ಕರಗುತ್ತೆ. ತಿಪ್ಪೆ ಅರ್ಧಕ್ಕೆ ಇಳಿಯೋದು ನೋಡಿ ನಷ್ಟ ಅಂದುಕೊಳ್ಳಬೇಡಿ.

ನಾನು ಬದಲಿಸಿದ್ದು

ಮೂರು ಅಡಿ ಆಳದ ಗುಂಡಿ ತೋಡಿ, ಹೊಂಗೆ ಮರದ ನೆರಳಲ್ಲಿ ಕಸ, ಸೆಗಣಿ ಪದರವಾಗಿ ಹಾಕುತ್ತೇನೆ. ಗಂಜಲ, ನೀರು ಚಿಮುಕಿಸಿ ಮೇಲೆ ಮಣ್ಣು ಮುಚ್ಚೋದು. ಎರಡು ತಿಂಗಳಿಗೆ ಒಮ್ಮೆ ತಿರುವಿ, ಐದು ತಿಂಗಳು ಬಿಡೋದು. ಕೈ ಇಟ್ಟರೆ ತಣ್ಣಗಿರಬೇಕು, ವಾಸನೆ ಇರಬಾರದು, ಹಿಂಡಿದರೆ ಪುಡಿಯಾಗಬೇಕು.

ಹೊಲದಲ್ಲಿ ಗುಡ್ಡೆ ಹಾಕಿ ತಿಂಗಳುಗಟ್ಟಲೆ ಬಿಸಿಲಿಗೆ ಬಿಡೋದನ್ನ ನಿಲ್ಲಿಸಿದೆ. ಬಿತ್ತನೆ ಹತ್ತಿರ ಬಂದಾಗ ಹೊಡೆದು, ಅದೇ ದಿನ ಹರಡಿ ಕುಂಟೆ ಹೊಡೆಯುತ್ತೇನೆ. ಎಕರೆಗೆ ಎಂಟು ಗಾಡಿ, ಅಂದರೆ ಸುಮಾರು 4 ಟನ್. ನಾಲ್ಕು ದನದ ಗೊಬ್ಬರ ವರ್ಷಕ್ಕೆ ಎರಡು ಎಕರೆಗೆ ಸಾಕು, ಉಳಿದೆರಡಕ್ಕೆ ಮರುವರ್ಷ. ಬದುವಿನ ಗೊಬ್ಬರಗಿಡದ ಸೊಪ್ಪನ್ನು ಬಿತ್ತನೆಗೆ ಮೂರು ವಾರ ಮೊದಲೇ ಮಣ್ಣಿಗೆ ಸೇರಿಸುತ್ತೇನೆ. ಅದು ಬೇಗ ಕರಗಿ ಪೈರಿಗೆ ಸಾರಜನಕ ಬಿಡುತ್ತೆ. ಬೇಡದ ಉಳುಮೆ ಬಿಟ್ಟಿದ್ದೇನೆ.

ಮೂಟೆ ಗೊಬ್ಬರ ಪೂರ್ತಿ ಬಿಟ್ಟಿಲ್ಲ, ಕಡಿಮೆ ಮಾಡಿದ್ದೇನೆ. ಬೆಂಗಳೂರಿನ ಜಿಕೆವಿಕೆಯಲ್ಲಿ 1978ರಿಂದ ಮಳೆಯಾಶ್ರಿತ ರಾಗಿಯ ಮೇಲೆ ಪ್ರಯೋಗ ನಡೆಸಿಕೊಂಡು ಬಂದಿದ್ದಾರೆ. ಬರೀ ರಾಸಾಯನಿಕ ಕೊಟ್ಟ ತಾಕಿನಲ್ಲಿ ವರ್ಷ ಕಳೆದಂತೆ ಇಳುವರಿ ಇಳಿಯಿತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರವನ್ನೂ ಸೇರಿಸಿದ ತಾಕಿನಲ್ಲಿ ಇಳುವರಿ ನಿಂತಿತು, ಇಂಗಾಲವೂ ಹೆಚ್ಚಿಗೆ ಉಳಿಯಿತು.

ಫಲ

2024ರಲ್ಲಿ ಮತ್ತೆ ಪರೀಕ್ಷೆ ಮಾಡಿಸಿದೆ: 0.43. ಎಂಟು ವರ್ಷದ ದುಡಿಮೆಗೆ ಇಷ್ಟೇ! ಈಗಲೂ ಬಡ ಮಣ್ಣಿನ ಪಟ್ಟಿಯಲ್ಲೇ ಇದ್ದೇನೆ. ಗೊಬ್ಬರ ನಿಲ್ಲಿಸಿದರೆ ಗಳಿಸಿದ್ದೂ ಕರಗಿ ಹೋದೀತು. ಆದರೆ 2023ರ ಬರದಲ್ಲಿ ಈ ಹೊಲ ಎಕರೆಗೆ ನಾಲ್ಕು ಮೂಟೆ ರಾಗಿ ಕೊಟ್ಟಿತು. ಗೊಬ್ಬರ ಕಾಣದ ಅಂಚಿನ ತಾಕಿನಲ್ಲಿ ಸಿಕ್ಕಿದ್ದು ಹುಲ್ಲು ಮಾತ್ರ.

ಮಗನ ಲೆಕ್ಕದಲ್ಲಿ ಮೇವಿನ ಖರ್ಚು ಇನ್ನೂ ಹಾಗೇ ಇದೆ. ದನ ಮಾರುವ ಮಾತನ್ನು ಮಾತ್ರ ಆಮೇಲೆ ಎತ್ತಿಲ್ಲ.

ಎರೆ ನೆಲದವರ ಅನುಭವ ಬೇರೆ ಇರಬಹುದು. ದಯಮಾಡಿ ಬರೆಯಿರಿ.