ಬಣ್ಣದ ಪ್ರಿಂಟರ್: ಪುಡಿಯದೋ, ಶಾಯಿಯದೋ?



ನಮ್ಮ ಕಾರ್ಯಕ್ರಮಕ್ಕೆ ಬರುವ ಕರೆಗಳಲ್ಲಿ ಹೆಚ್ಚಿನವು ಹಾಡಿನ ಕೋರಿಕೆಗಳೇ. ಹೋದ ತಿಂಗಳು ಡೊಂಬಿವಲಿಯ ಕೇಳುಗರೊಬ್ಬರು ಮಾತ್ರ ಹಾಡು ಬೇಡ, ಸಲಹೆ ಬೇಕು ಎಂದರು. ಅವರ ಕನ್ನಡ ಸಂಘದವರು ವಂತಿಗೆ ಎತ್ತಿ ಬಣ್ಣದ ಪ್ರಿಂಟರ್ ಒಂದನ್ನು ಕೊಳ್ಳಲು ಹೊರಟಿದ್ದಾರೆ. ಕಾರ್ಯದರ್ಶಿಗಳದು ಲೇಸರ್ ಪಕ್ಷ, ಖಜಾಂಚಿಗಳದು ಇಂಕ್‌ಜೆಟ್ ಪಕ್ಷ. ಇದೊಂದೇ ವಿಷಯಕ್ಕೆ ಎರಡು ಸಭೆ ಮುಂದೂಡಿದ್ದಾಯಿತಂತೆ. ಪ್ರಸಾರದಲ್ಲಿ ನನಗೆ ಸಿಕ್ಕಿದ್ದು ಎರಡೇ ನಿಮಿಷ, ಹಾಗಾಗಿ ಉಳಿದ ಮಾತು ಇಲ್ಲಿ.

ಮೊದಲು ಎರಡೂ ಯಂತ್ರಗಳ ಒಳಗೆ ಇಣುಕೋಣ. ಇಂಕ್‌ಜೆಟ್‌ನಲ್ಲಿ ಕೂದಲಿಗಿಂತ ಸಣ್ಣ ತೂತುಗಳಿಂದ ಶಾಯಿಯ ಹನಿಗಳು ಕಾಗದದ ಮೇಲೆ ಚಿಮ್ಮುತ್ತವೆ. 1977ರಲ್ಲಿ ಕ್ಯಾನನ್ ಕಂಪನಿಯ ಪ್ರಯೋಗಾಲಯದಲ್ಲಿ ಕಾದ ಬೆಸುಗೆ ಕಡ್ಡಿ ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ತಾಗಿ, ಶಾಯಿ ಚಿಮ್ಮಿತಂತೆ. ಬಿಸಿಯಿಂದ ಹನಿ ಹಾರಿಸುವ ಅವರ ವಿಧಾನ ಹುಟ್ಟಿದ್ದು ಅಲ್ಲಿಂದ. ಲೇಸರ್‌ನಲ್ಲಿ ಶಾಯಿಯೇ ಇಲ್ಲ. ಅದರಲ್ಲಿರುವುದು ಟೋನರ್ ಎಂಬ ನುಣ್ಣನೆಯ ಪ್ಲಾಸ್ಟಿಕ್ ಪುಡಿ. ಲೇಸರ್ ಕಿರಣ ಒಂದು ಉರುಳೆಯ ಮೇಲೆ ವಿದ್ಯುತ್ತಿನಲ್ಲಿ ಚಿತ್ರ ಬರೆಯುತ್ತದೆ, ಪುಡಿ ಆ ಚಿತ್ರಕ್ಕೆ ಅಂಟುತ್ತದೆ, ಬಳಿಕ ಸುಮಾರು 200 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಕರಗಿ ಕಾಗದದಲ್ಲಿ ಕೂರುತ್ತದೆ. ಲೇಸರ್‌ನಿಂದ ಹೊರಬಂದ ಹಾಳೆ ಕಾವಲಿಯಿಂದ ಇಳಿದ ದೋಸೆಯಂತೆ ಬಿಸಿಯಾಗಿರುವುದು ಇದೇ ಕಾರಣಕ್ಕೆ. ಬಣ್ಣದ ಲೇಸರ್‌ನಲ್ಲಿ ಕಪ್ಪು, ಹಳದಿ, ತಿಳಿನೀಲಿ ಮತ್ತು ಕೆನ್ನೇರಳೆ ಎಂದು ನಾಲ್ಕು ಪುಡಿಗಳು.

ಇನ್ನು ಖಜಾಂಚಿಗಳ ವಿಷಯ. ಅಂಗಡಿಯಲ್ಲಿ ಪ್ರಿಂಟರ್‌ನ ಬೆಲೆ ಕೇಳುವವರೇ ಎಲ್ಲ, ಪುಟದ ಬೆಲೆ ಕೇಳುವವರು ಕಡಿಮೆ. ಕಾರ್ಟ್ರಿಜ್‌ನ ಬೆಲೆಯನ್ನು ಅದು ಕೊಡುವ ಪುಟಗಳಿಂದ ಭಾಗಿಸಿ ನೋಡಿ. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳೋಣ. 5,000 ರೂಪಾಯಿಯ ಟೋನರ್ 2,000 ಪುಟ ಬಂದರೆ ಪುಟಕ್ಕೆ ಎರಡೂವರೆ ರೂಪಾಯಿ. ಬಣ್ಣದ ಪುಟಕ್ಕೆ ನಾಲ್ಕೂ ಟೋನರ್ ಬೇಕಾದ್ದರಿಂದ 10 ರೂಪಾಯಿ. ಹಾಗೆಂದು ಸಣ್ಣ ಕಾರ್ಟ್ರಿಜ್‌ನ ಇಂಕ್‌ಜೆಟ್ ಅಗ್ಗ ಎಂದುಕೊಳ್ಳಬೇಡಿ. 900 ರೂಪಾಯಿಯ ಬಣ್ಣದ ಕಾರ್ಟ್ರಿಜ್ 150 ಪುಟ, 800 ರೂಪಾಯಿಯ ಕಪ್ಪು 200 ಪುಟ ಬಂದರೆ ಅಲ್ಲಿಯೂ ಪುಟಕ್ಕೆ ಅದೇ 10 ರೂಪಾಯಿ! ಮೂರು ಬಣ್ಣ ಒಂದೇ ಡಬ್ಬಿಯಲ್ಲಿದ್ದರೆ ಹಳದಿ ಮುಗಿದ ದಿನ ಉಳಿದೆರಡನ್ನೂ ಎಸೆಯಬೇಕು.

ಈ ಲೆಕ್ಕವನ್ನು ತಲೆಕೆಳಗು ಮಾಡಿದ್ದು 2010ರ ನಂತರ ಬಂದ ಇಂಕ್ ಟ್ಯಾಂಕ್ ಪ್ರಿಂಟರ್‌ಗಳು. ಇದೂ ಇಂಕ್‌ಜೆಟ್ಟೇ, ಆದರೆ ಶಾಯಿಯನ್ನು ಬಾಟಲಿಯಿಂದ ನಾವೇ ಸುರಿಯುವುದು. 500 ರೂಪಾಯಿಯ ಮೂರು ಬಣ್ಣದ ಬಾಟಲಿಗಳು 6,000 ಪುಟ, ಅಷ್ಟೇ ಬೆಲೆಯ ಕಪ್ಪು 4,500 ಪುಟ ಬಂದರೆ ಬಣ್ಣದ ಪುಟಕ್ಕೆ 40 ಪೈಸೆಯೂ ಆಗುವುದಿಲ್ಲ. ಯಂತ್ರದ ಬೆಲೆ ಮಾತ್ರ ಸಣ್ಣ ಇಂಕ್‌ಜೆಟ್‌ಗಿಂತ ಹೆಚ್ಚು. ಡಬ್ಬಿಯ ಮೇಲಿನ ಪುಟಸಂಖ್ಯೆಯನ್ನು ಒಂದೊಂದು ಬಣ್ಣವೂ ಹಾಳೆಯ ನೂರಕ್ಕೆ ಸುಮಾರು ಐದು ಭಾಗ ತುಂಬುತ್ತದೆಂಬ ಅಂದಾಜಿನಲ್ಲಿ ಬರೆದಿರುತ್ತಾರೆ, ಇದು ನೆನಪಿರಲಿ. ಹಾಳೆ ತುಂಬ ಗಣಪತಿಯ ಚಿತ್ರ ಹಾಕಿದರೆ ಆ ಸಂಖ್ಯೆ ಕನಸು.

ಇಷ್ಟಕ್ಕೇ ಖಜಾಂಚಿಗಳು ಗೆದ್ದರೆನ್ನಲು ಬರುವುದಿಲ್ಲ. ನಮ್ಮವರು ಮೇ ತಿಂಗಳಲ್ಲಿ ಬೀಗ ಹಾಕಿ ಮತ್ಸ್ಯಗಂಧ ಹತ್ತಿದರೆ ಮತ್ತೆ ಮುಂಬಯಿ ಕಾಣುವುದು ಜೂನ್‌ನಲ್ಲಿ. ಅಷ್ಟರಲ್ಲಿ ಇಂಕ್‌ಜೆಟ್‌ನ ತೂತುಗಳಲ್ಲಿ ಶಾಯಿ ಒಣಗಿ ಕೂತಿರಬಹುದು. ಅಕ್ಷರಗಳ ನಡುವೆ ಬಿಳಿ ಗೆರೆ ಕಾಣುತ್ತದೆ. ಶುಚಿ ಮಾಡುವ ಗುಂಡಿ ಒತ್ತಿದರೆ ಅದೂ ಶಾಯಿ ಕುಡಿದೇ ಶುಚಿ ಮಾಡುವುದು. ತಲೆಯೇ ಕೆಟ್ಟರೆ ರಿಪೇರಿಗಿಂತ ಹೊಸ ಯಂತ್ರವೇ ವಾಸಿ ಎನ್ನುವಷ್ಟು ಖರ್ಚು ಬಂದೀತು. ಪುಡಿಗೆ ಒಣಗುವ ಭಯವಿಲ್ಲ. ಯುಗಾದಿಗೊಮ್ಮೆ, ರಾಜ್ಯೋತ್ಸವಕ್ಕೊಮ್ಮೆ ಮಾತ್ರ ಎಬ್ಬಿಸಿದರೂ ಲೇಸರ್ ಎದ್ದು ಕೆಲಸ ಮಾಡುತ್ತದೆ.

ನಮ್ಮ ಲಿಪಿಯ ಮಟ್ಟಿಗೂ ಲೇಸರ್‌ನದೇ ಮೇಲುಗೈ. ಅಗ್ಗದ ಕಾಗದದಲ್ಲಿ ಶಾಯಿ ಹರಡುತ್ತದೆ. ಇಂಗ್ಲಿಷಿಗೆ ಅದರಿಂದ ಅಂಥ ನಷ್ಟವಿಲ್ಲ, ಕನ್ನಡಕ್ಕೆ ಇದೆ. ಸಣ್ಣ ಅಕ್ಷರದಲ್ಲಿ 'ಥ'ದ ಹೊಟ್ಟೆಯ ಚುಕ್ಕೆ ಸುತ್ತಲಿನ ಗೆರೆಗೆ ಸೇರಿಹೋಗುತ್ತದೆ, ಒತ್ತಕ್ಷರಗಳು ಮಸಿಯ ಬೊಟ್ಟಾಗುತ್ತವೆ. ಪುಡಿ ಹರಡುವುದಿಲ್ಲ, ನೀರು ಬಿದ್ದರೂ ಕದಡುವುದಿಲ್ಲ. ಜುಲೈನ ಮಳೆಯಲ್ಲಿ ಅಂಚೆಯವರ ಚೀಲದಲ್ಲಿ ಹೋಗುವ ಲಕೋಟೆಗಳಿಗೆ ಇದು ಸಣ್ಣ ಮಾತಲ್ಲ. ಇಂಕ್‌ಜೆಟ್ಟೇ ಕೊಳ್ಳುವುದಾದರೆ ಕಪ್ಪು ಶಾಯಿ ಪಿಗ್ಮೆಂಟ್ ಬಗೆಯದೇ ಎಂದು ಕೇಳಿ ನೋಡಿ. ಡೈ ಶಾಯಿ ನೀರಿಗೆ ಸೋಲುತ್ತದೆ, ಪಿಗ್ಮೆಂಟ್ ತಡೆದುಕೊಳ್ಳುತ್ತದೆ. ಫೋಟೋಗಳಿಗೆ ಮಾತ್ರ ಇಂಕ್‌ಜೆಟ್ಟೇ ಸೈ. ಸರಿಯಾದ ಫೋಟೋ ಕಾಗದದಲ್ಲಿ ಮುಖದ ಬಣ್ಣ ಹದವಾಗಿ ಬರುತ್ತದೆ. ಆ ಕಾಗದವನ್ನು ಅಪ್ಪಿತಪ್ಪಿಯೂ ಲೇಸರ್‌ಗೆ ಹಾಕಬೇಡಿ, ಅದರ ಲೇಪ ಕಾವಿಗೆ ಕರಗಿ ಒಳಗೇ ಅಂಟಿಕೊಂಡೀತು.

ಲೇಸರ್ ಆದರೆ ಇನ್ನೆರಡು ಎಚ್ಚರಿಕೆ. ಆ ಕಾವಿಗೆ ಅದು ಆಗಾಗ ಇಸ್ತ್ರಿಪೆಟ್ಟಿಗೆಯಷ್ಟು ವಿದ್ಯುತ್ ಎಳೆಯುತ್ತದೆ. ಆದ್ದರಿಂದ ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಜೋಡಿಸದೆ ನೇರ ಗೋಡೆಯ ಪ್ಲಗ್ಗಿಗೇ ಹಾಕಿ. ಮಳೆಗಾಲದಲ್ಲಿ ತೇವ ಹೀರಿದ ಕಾಗದ ಸುರುಳಿಯಾಗಿ ಸಿಕ್ಕಿಕೊಳ್ಳುತ್ತದೆ, ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಡಿ. ಅಂದ ಹಾಗೆ, ಅನೇಕ ಬಣ್ಣದ ಲೇಸರ್‌ಗಳು ಪ್ರತಿ ಪುಟದಲ್ಲೂ ಬರಿಗಣ್ಣಿಗೆ ಕಾಣದ ಹಳದಿ ಚುಕ್ಕೆಗಳನ್ನು ಹಾಕುತ್ತವೆ. ಅವುಗಳಲ್ಲಿ ಯಂತ್ರದ ಸಂಖ್ಯೆ ಅಡಗಿರುತ್ತದೆಂದು 2005ರಲ್ಲಿ ಅಮೆರಿಕದ ಸಂಶೋಧಕರು ಬಿಡಿಸಿ ತೋರಿಸಿದರು. ಖೋಟಾನೋಟು ಹಿಡಿಯಲು ಮಾಡಿದ ಏರ್ಪಾಡಿದು, ನಮ್ಮ ಆಮಂತ್ರಣ ಪತ್ರಿಕೆಗಳಿಗೂ ಅದರಿಂದ ವಿನಾಯಿತಿಯಿಲ್ಲ!

ಡೊಂಬಿವಲಿಯವರು ತಿಂಗಳಿಗೆ ನಾಲ್ಕು ಪುಟದ ಪತ್ರಿಕೆಯ ನೂರು ಪ್ರತಿ ತೆಗೆಯುತ್ತಾರಂತೆ. ವರ್ಷಕ್ಕೆ 4,800 ಪುಟವಾಯಿತು. ಎಲ್ಲವೂ ಬಣ್ಣದ್ದಾದರೆ ನಮ್ಮ ಮೇಲಿನ ಲೆಕ್ಕದಲ್ಲಿ ಲೇಸರ್‌ಗೆ 48,000 ರೂಪಾಯಿ, ಟ್ಯಾಂಕ್ ಪ್ರಿಂಟರ್‌ಗೆ 2,000ದೊಳಗೆ. ಇಷ್ಟು ಅಂತರವಿರುವಾಗ ನನ್ನ ಮತ ಖಜಾಂಚಿಗಳಿಗೇ. ಆದರೆ ಒಂದು ಷರತ್ತು: ವಾರಕ್ಕೊಮ್ಮೆ ಒಂದು ಬಣ್ಣದ ಪುಟ ತೆಗೆಯುವ ಹೊಣೆಯನ್ನು ಒಬ್ಬ ಸದಸ್ಯರಿಗೆ ಹೆಸರು ಹಿಡಿದೇ ವಹಿಸಬೇಕು, ರಜೆಯಲ್ಲಿ ಊರಿಗೆ ಹೋಗದವರಾದರೆ ಒಳ್ಳೆಯದು. ವರ್ಷಕ್ಕೆರಡೇ ಸಲ ಅಚ್ಚಿಸುವ ಸಂಘವಾಗಿದ್ದರೆ ನಾನು ಕಾರ್ಯದರ್ಶಿಗಳ ಕಡೆಗೇ ವಾಲುತ್ತಿದ್ದೆ. ಪತ್ರಿಕೆಯೆಲ್ಲ ಕಪ್ಪಕ್ಷರ, ಬಣ್ಣ ಬೇಕಿರುವುದು ಮುಖಪುಟಕ್ಕಷ್ಟೇ ಎನ್ನುವವರಿಗೆ ಮೂರನೆಯ ದಾರಿಯಿದೆ: ಕಪ್ಪು-ಬಿಳುಪಿನ ಲೇಸರ್ ಇಟ್ಟುಕೊಂಡು ಮುಖಪುಟವನ್ನು ಹೊರಗೆ ಅಚ್ಚು ಹಾಕಿಸುವುದು.

ಅಂಗಡಿಗೆ ಹೋಗುವಾಗ ನಿಮ್ಮ ಪತ್ರಿಕೆಯ ಒಂದು ಪುಟವನ್ನು ಪಿಡಿಎಫ್ ಮಾಡಿ ಪೆನ್ ಡ್ರೈವ್‌ನಲ್ಲಿ ಒಯ್ಯಿರಿ. ನುಡಿ, ಬರಹಗಳ ಹಳೆಯ ಫಾಂಟಿನ ಕಡತವನ್ನು ಹಾಗೇ ಒಯ್ದರೆ ಅವರ ಕಂಪ್ಯೂಟರಿನಲ್ಲಿ ಕನ್ನಡದ ಬದಲು ಚಿತ್ರವಿಚಿತ್ರ ಗುರುತುಗಳು ಕಂಡಾವು. ಅಂಗಡಿಯವರು ತೋರಿಸುವ ಹೂವು, ಗಿಳಿಗಳ ಮಾದರಿ ಹಾಳೆಯನ್ನು ಪಕ್ಕಕ್ಕಿಟ್ಟು, ನೀವು ದಿನವೂ ಬಳಸುವ ಕಾಗದದಲ್ಲೇ ನಿಮ್ಮ ಪುಟ ತೆಗೆಸಿ ಒತ್ತಕ್ಷರಗಳನ್ನು ಓದಿ ನೋಡಿ.