ಚಿತ್ರದಲ್ಲಿ ಕಾಣದ ತಲೆನೋವು

ವಾಗ್ಳೆ ಎಸ್ಟೇಟಿನ ಹೋಟೆಲುಗಳಲ್ಲಿ ಒಲೆಯ ಮುಂದೆ ನಿಲ್ಲುವ ನಮ್ಮವರಿಗೂ ಕಚೇರಿಗಳ ಗುಮಾಸ್ತರಿಗೂ ಅರೆತಲೆನೋವು ಅಪರಿಚಿತವಲ್ಲ. ಸಾಲಮಾಡಿ ಸ್ಕ್ಯಾನ್ ತೆಗೆಸಿ, 'ಏನೂ ದೋಷವಿಲ್ಲ' ಎಂಬ ವರದಿ ಹಿಡಿದು ಬಂದವನನ್ನು ಸೋಗುಗಾರನೆಂದು ನಾವೇ ನಗುವುದುಂಟು. ಇದು ಅನ್ಯಾಯ. ಸ್ಕ್ಯಾನ್ ತೋರಿಸುವುದು ಗಡ್ಡೆ, ರಕ್ತಸ್ರಾವಗಳಂತಹವನ್ನು; ಅರೆತಲೆನೋವಾದರೋ ಮಿದುಳಿನ ಕಾರ್ಯದಲ್ಲಿ ಆಗುವ ಏರುಪೇರು. 1995ರಲ್ಲಿ ಜರ್ಮನಿಯ ಸಂಶೋಧಕರು ಒಂಬತ್ತು ರೋಗಿಗಳಿಗೆ ನೋವು ಕೆರಳಿರುವಾಗಲೇ ಪೆಟ್ ಚಿತ್ರ ತೆಗೆದು, ಮಿದುಳಿನ ಕಾಂಡಭಾಗದಲ್ಲಿ ರಕ್ತದ ಹರಿವು ಹೆಚ್ಚಿದುದನ್ನು ಕಂಡರು. ಬೆಂಗಳೂರಿನಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ 2,329 ವಯಸ್ಕರನ್ನು ವಿಚಾರಿಸಿದ, 2015ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ, ನಾಲ್ವರಲ್ಲಿ ಒಬ್ಬರಿಗೆ ವರ್ಷದೊಳಗೆ ಅರೆತಲೆನೋವು ಬಂದಿತ್ತು. ಸೋಗುಗಾರರು ಇಷ್ಟು ಮಂದಿಯೇ?

ಸಿಡಿಲಿನಂತೆ ಒಮ್ಮೆಲೇ ಎರಗಿದ ನೋವಾದರೆ, ಜ್ವರದೊಡನೆ ಕತ್ತು ಬಿಗಿದರೆ, ಕೈಕಾಲು ಸೋತರೆ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು. ಉಳಿದವರು ನೋವು ಬಂದ ದಿನ, ಊಟ ತಪ್ಪಿದ್ದು, ನಿದ್ದೆಗೆಟ್ಟದ್ದು ಇವನ್ನೆಲ್ಲ ಬರೆದಿಟ್ಟು ವೈದ್ಯರಿಗೆ ತೋರಿಸಲಿ. ಆ ಚೀಟಿಯೇ ಅವರಿಗೆ ಹೆಚ್ಚು ನೆರವಾದೀತು.