ಗರ್ಭಿಣಿಯರ ರಕ್ತಹೀನತೆಯೂ ಅದರ ನಿವಾರಣೋಪಾಯಗಳೂ

ಸುಣ್ಣದಂಶವು ಹೆಚ್ಚಾಗಿರುವ ಭೂಮಿಯಲ್ಲಿ ಕಬ್ಬು, ನೆಲಗಡಲೆ ಮುಂತಾದ ಪೈರುಗಳ ಎಳೆಯ ಎಲೆಗಳು ನರಗಳ ನಡುವೆ ಹಳದಿಯ ಬಣ್ಣಕ್ಕೆ ತಿರುಗಿ, ಕಡೆಗೆ ಬಿಳಿಚಿಕೊಳ್ಳುವುದನ್ನು ರೈತರು ನೋಡಿಯೇ ಇರುವರು. ಅಂತಹ ಮಣ್ಣಿನಲ್ಲಿ ಕಬ್ಬಿಣವಿಲ್ಲವೆಂದು ತಿಳಿಯಬಾರದು. ಅದು ಕರಗದ ರೂಪದಲ್ಲಿರುವುದರಿಂದ ಬೇರುಗಳು ಅದನ್ನು ಹೀರಲಾರವು. ಒಂದು ಲೀಟರು ನೀರಿಗೆ 5 ಗ್ರಾಂನಂತೆ ಅನ್ನಭೇದಿಯನ್ನು ಕರಗಿಸಿ ಎಲೆಗಳ ಮೇಲೆ ಸಿಂಪಡಿಸಿದರೆ ಪೈರು ಪುನಃ ಹಸುರಾಗುವುದು. ಗರ್ಭಿಣೀ ಸ್ತ್ರೀಯರಲ್ಲಿ ಕಾಣುವ ರಕ್ತಹೀನತೆಯೂ ಬಹುಮಟ್ಟಿಗೆ ಇದೇ ರೀತಿಯದು. ರಾಗಿ, ಹುರುಳಿ, ಸೊಪ್ಪು ಇವುಗಳಿಗೆ ಕೊರತೆಯಿಲ್ಲದ ಮನೆಗಳಲ್ಲಿಯೂ ಈ ವ್ಯಾಧಿಯು ಉಂಟಾಗುವುದಕ್ಕೆ ಕಾರಣವೇನೆಂದರೆ, ಉಂಡ ಆಹಾರದಲ್ಲಿರುವ ಕಬ್ಬಿಣದಲ್ಲಿ ಅತ್ಯಲ್ಪ ಭಾಗವು ಮಾತ್ರವೇ ರಕ್ತಕ್ಕೆ ಸೇರುವುದು.

2019–21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ನೂರು ಮಂದಿ ಗರ್ಭಿಣಿಯರಲ್ಲಿ 52 ಮಂದಿಗೆ ರಕ್ತಹೀನತೆಯಿದ್ದಿತು. ಆದಕಾರಣ ಇದನ್ನು ಯಾರೋ ಕೆಲವರ ರೋಗವೆಂದು ಅಲಕ್ಷ್ಯ ಮಾಡಕೂಡದು.

ಕಬ್ಬಿಣದ ಅವಶ್ಯಕತೆ.— ರಕ್ತಕ್ಕೆ ಕೆಂಪು ಬಣ್ಣವನ್ನು ಕೊಟ್ಟು, ಪ್ರಾಣವಾಯುವನ್ನು ಅಂಗಾಂಗಗಳಿಗೆ ಒಯ್ಯುವ ಹಿಮೋಗ್ಲೋಬಿನ್ ಎಂಬ ವಸ್ತುವು ಕಬ್ಬಿಣವಿಲ್ಲದೆ ಉತ್ಪತ್ತಿಯಾಗಲಾರದು. ಗರ್ಭಕಾಲದಲ್ಲಿ ತಾಯಿಯ ರಕ್ತವು ಮೊದಲಿಗಿಂತ ಒಂದೂವರೆಯಷ್ಟಕ್ಕೆ ಸಮೀಪವಾಗಿ ಹೆಚ್ಚುವುದು. ಶಿಶುವಿಗೂ ಮಾಸಿಗೂ ಕಬ್ಬಿಣವು ಬೇಕು. ಒಟ್ಟಿನಲ್ಲಿ ಒಂದು ಗರ್ಭಕ್ಕೆ ಸುಮಾರು 1000 ಮಿಲಿಗ್ರಾಂ ಕಬ್ಬಿಣವು ಬೇಕಾಗುವುದು. ಇದರಲ್ಲಿ ಹೆಚ್ಚಿನ ಭಾಗವು ಉತ್ತರಾರ್ಧದಲ್ಲಿಯೇ ಬೇಕಾಗುವುದರಿಂದ, ಆ ತಿಂಗಳುಗಳಲ್ಲಿ ದಿನಕ್ಕೆ ಸುಮಾರು 6 ಮಿಲಿಗ್ರಾಂ ರಕ್ತಕ್ಕೆ ಸೇರಬೇಕು.

ಇನ್ನು ಆಹಾರದ ಲೆಕ್ಕವನ್ನು ನೋಡೋಣ. 100 ಗ್ರಾಂ ರಾಗಿಯಲ್ಲಿ 4ರಿಂದ 5 ಮಿಲಿಗ್ರಾಂ, ಹುರುಳಿಯಲ್ಲಿ 7ರಿಂದ 9 ಮಿಲಿಗ್ರಾಂ ಕಬ್ಬಿಣವುಂಟು. ಗರ್ಭಿಣಿಯು ದಿನಕ್ಕೆ 300 ಗ್ರಾಂ ರಾಗಿಯನ್ನೂ 50 ಗ್ರಾಂ ಹುರುಳಿಯನ್ನೂ ಉಂಡರೆ ಸುಮಾರು 17 ಮಿಲಿಗ್ರಾಂ ಹೊಟ್ಟೆಗೆ ಸೇರುವುದು. ಆದರೆ ಧಾನ್ಯಗಳ ಹೊಟ್ಟಿನಲ್ಲಿರುವ ಫೈಟೇಟು, ಒಗರಿನ ಟ್ಯಾನಿನ್ ಮೊದಲಾದುವು ಕಬ್ಬಿಣವನ್ನು ಕಟ್ಟಿ ಹಾಕುವುದರಿಂದ, ನೂರಕ್ಕೆ 5ರಿಂದ 8 ಪಾಲು ಮಾತ್ರ, ಎಂದರೆ ಒಂದು ಮಿಲಿಗ್ರಾಮಿಗಿಂತ ಸ್ವಲ್ಪ ಹೆಚ್ಚು ಕಡಿಮೆ ಮಾತ್ರ, ರಕ್ತಕ್ಕೆ ದೊರೆಯುವುದು. ಗರ್ಭಕಾಲದಲ್ಲಿ ಕರುಳು ಹೆಚ್ಚಾಗಿ ಹೀರುವುದುಂಟು. ಆದರೆ ಅದು ಇಮ್ಮಡಿಯಾದರೂ ಅಗತ್ಯಕ್ಕೆ ಸಾಲದು. ಒಳ್ಳೆಯ ಊಟವೊಂದೇ ಸಾಕೆಂಬ ನಂಬಿಕೆಯು ಸರಿಯಲ್ಲವೆಂಬುದು ಇದರಿಂದ ವ್ಯಕ್ತವಾಗುವುದು.

ಲಕ್ಷಣಗಳೂ ಅಪಾಯಗಳೂ.— ಸ್ವಲ್ಪ ಕೆಲಸಕ್ಕೇ ಆಯಾಸ, ಏದುಸಿರು, ಎದೆಬಡಿತ, ತಲೆಸುತ್ತು. ಕಣ್ಣಿನ ಕೆಳರೆಪ್ಪೆಯ ಒಳಭಾಗ, ನಾಲಗೆ, ಉಗುರು ಇವು ಬಿಳಿಚಿಕೊಳ್ಳುವುದು ಮುಖ್ಯ ಲಕ್ಷಣಗಳು. ಮಣ್ಣು, ಬೂದಿ, ಹಸಿಯಕ್ಕಿ ಇವುಗಳನ್ನು ತಿನ್ನಬೇಕೆಂಬ ಆಸೆಯನ್ನು ಬರಿಯ ಬಸುರಿಯ ಬಯಕೆಯೆಂದು ನಗುವುದುಂಟು. ಅದೂ ಅನೇಕ ವೇಳೆ ಕಬ್ಬಿಣದ ಕೊರತೆಯ ಸೂಚನೆಯಾಗಿರುವುದು. ರಕ್ತವು ತೆಳುವಾಗಿರುವ ತಾಯಿಯು ಹೆರಿಗೆಯ ಕಾಲದ ರಕ್ತಸ್ರಾವವನ್ನು ತಡೆಯಲಾರಳು. ಇತರರಿಗೆ ಅಪಾಯಕರವಲ್ಲದಷ್ಟು ಸ್ರಾವವೂ ಆಕೆಯ ಪ್ರಾಣಕ್ಕೆ ಎರವಾಗಬಹುದು. ದಿನ ತುಂಬುವ ಮೊದಲೇ ಹೆರಿಗೆಯಾಗುವುದು, ಕೂಸು ತೂಕದಲ್ಲಿ ಕಡಿಮೆಯಾಗಿ ಹುಟ್ಟುವುದು ಇವೂ ಸಂಭವಿಸುವುವು.

ಆಹಾರದಲ್ಲಿ ಮಾಡತಕ್ಕ ಏರ್ಪಾಡು.— ಕಟ್ಟಿಹಾಕಲ್ಪಟ್ಟ ಕಬ್ಬಿಣವನ್ನು ಬಿಡಿಸುವ ಉಪಾಯಗಳು ರೈತರ ಮನೆಗಳಲ್ಲಿಯೇ ಇವೆ. ರಾಗಿ, ಹೆಸರು, ಹುರುಳಿಗಳನ್ನು ನೆನೆಸಿ ಮೊಳಕೆ ಕಟ್ಟಿಸುವುದರಿಂದಲೂ, ಹಿಟ್ಟನ್ನು ಹುಳಿಬರಿಸುವುದರಿಂದಲೂ ಫೈಟೇಟು ಕಡಿಮೆಯಾಗುವುದು. ಊಟದ ಸಂಗಡ ನಿಂಬೆಯ ರಸ, ನೆಲ್ಲಿಕಾಯಿ, ಸೀಬೆಹಣ್ಣು ಇವುಗಳಲ್ಲಿ ಯಾವುದಾದರೊಂದನ್ನು ಸೇವಿಸಿದರೆ, ಅವುಗಳಲ್ಲಿರುವ ಸಿ ಜೀವಸತ್ವವು ಕಬ್ಬಿಣವನ್ನು ಕರಗುವ ರೂಪದಲ್ಲಿಡುವುದು. ಹುಳಿ ಹಾಕಿದ ಪದಾರ್ಥವನ್ನು ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿದರೆ ಪಾತ್ರೆಯ ಕಬ್ಬಿಣವೂ ಸ್ವಲ್ಪ ಸೇರುವುದು. ಮಾಂಸಾಹಾರಿಗಳಿಗೆ ಮಾಂಸ, ಮೀನುಗಳಿಂದ ಸುಲಭವಾಗಿ ಹೀರಲ್ಪಡುವ ಕಬ್ಬಿಣವು ದೊರೆಯುವುದು. ನುಗ್ಗೆಸೊಪ್ಪು, ದಂಟಿನಸೊಪ್ಪು ಇವುಗಳನ್ನು ಹಿತ್ತಿಲಿನಲ್ಲಿಯೇ ಬೆಳೆದುಕೊಳ್ಳಬಹುದು. ಕಾಫಿ, ಟೀಗಳನ್ನು ಊಟದೊಡನೆಯಾಗಲಿ ಊಟವಾದ ಕೂಡಲೇ ಆಗಲಿ ಕುಡಿಯಕೂಡದು. ಒಂದೆರಡು ಗಂಟೆಗಳ ಅಂತರವಿರತಕ್ಕದ್ದು.

ಮಾತ್ರೆಗಳು.— ಆಹಾರವು ತುಂಬಲಾರದ ಕೊರತೆಯನ್ನು ತುಂಬುವುದಕ್ಕಾಗಿಯೇ 1970ರಿಂದ ಸರ್ಕಾರದವರು ಗರ್ಭಿಣಿಯರಿಗೆ ಕಬ್ಬಿಣದ ಮಾತ್ರೆಗಳನ್ನು ಹಂಚುತ್ತಿರುವರು. ಈಗಿನ ಕ್ರಮದಂತೆ ಮಾತ್ರೆಯೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣವೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇರುವುವು. ಇದರಲ್ಲಿ ಸಾಮಾನ್ಯವಾಗಿ ಉಪಯೋಗಿಸುವ ಕಬ್ಬಿಣದ ಲವಣವು, ಪೈರಿಗೆ ಸಿಂಪಡಿಸುವ ಅನ್ನಭೇದಿಯ ಶುದ್ಧ ರೂಪವೇ ಆಗಿದೆ. ಆದರೆ ಗೊಬ್ಬರದ ಅಂಗಡಿಯ ಅನ್ನಭೇದಿಯನ್ನು ಯಾರೂ ಎಂದಿಗೂ ಸೇವಿಸಕೂಡದು. ಫೋಲಿಕ್ ಆಮ್ಲದ ಚರಿತ್ರೆಯು ನಮ್ಮ ದೇಶಕ್ಕೂ ಸಂಬಂಧಿಸಿದ್ದು. ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು 1928ರಲ್ಲಿ ಮುಂಬಯಿಗೆ ಬಂದು ಗಿರಣಿಗಳ ಕೆಲಸಗಾರ್ತಿಯರಲ್ಲಿ ಗರ್ಭಕಾಲದ ರಕ್ತಹೀನತೆಯನ್ನು ಪರಿಶೀಲಿಸಿ, ಯೀಸ್ಟಿನ ಸಾರದಿಂದ ಒಂದು ಬಗೆಯ ರಕ್ತಹೀನತೆಯು ಗುಣವಾಗುವುದೆಂದು 1931ರಲ್ಲಿ ಪ್ರಕಟಿಸಿದರು. ಆ ಸಾರದ ಗುಣಕಾರಿ ವಸ್ತುವೇ ಫೋಲಿಕ್ ಆಮ್ಲವರ್ಗದ್ದೆಂದು ಅನಂತರ ತಿಳಿದುಬಂದಿತು.

ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನಗಳೂ, ಹೆರಿಗೆಯಾದ ಮೇಲೆ ಪುನಃ 180 ದಿನಗಳೂ ಮಾತ್ರೆಯನ್ನು ಸೇವಿಸತಕ್ಕದ್ದು. ಮಲವು ಕಪ್ಪಾಗುವುದನ್ನು ನೋಡಿ ಹೆದರಬೇಕಾದುದಿಲ್ಲ. ಓಕರಿಕೆಯಾದರೆ ಊಟವಾದ ಮೇಲೆ ಅಥವಾ ರಾತ್ರಿ ಮಲಗುವಾಗ ನುಂಗಬಹುದು. ಮಲಬದ್ಧತೆಗೆ ನೀರು, ಸೊಪ್ಪು, ಹಣ್ಣುಗಳು ಪರಿಹಾರ. ಸುಣ್ಣದಂಶದ ಮಾತ್ರೆಯನ್ನು ಇದರೊಡನೆ ಸೇವಿಸದೆ ಎರಡು ಗಂಟೆ ಬಿಟ್ಟು ಸೇವಿಸಬೇಕು. ಮಾತ್ರೆಯಿಂದ ಕೂಸು ಕಪ್ಪಾಗುವುದೆಂಬ ಮಾತಿಗೆ ಆಧಾರವಿಲ್ಲ. ಆದರೆ ಕೆಂಪು ಮಾತ್ರೆಗಳನ್ನು ಮಿಠಾಯಿಯೆಂದು ಭ್ರಮಿಸಿ ಚಿಕ್ಕ ಮಕ್ಕಳು ನುಂಗಿದರೆ ಪ್ರಾಣಾಪಾಯವುಂಟು. ಅವುಗಳನ್ನು ಮಕ್ಕಳ ಕೈಗೆಟುಕದ ಸ್ಥಳದಲ್ಲಿಡಬೇಕು.

ಕೊಕ್ಕೆಹುಳು.— ರೈತರು ವಿಶೇಷವಾಗಿ ಗಮನಿಸಬೇಕಾದ ಶತ್ರುವಿದು. ಬಯಲಿನಲ್ಲಿ ಬಿದ್ದ ಮಲದಿಂದ ಈ ಹುಳುವಿನ ಮರಿಗಳು ತೇವದ ಮಣ್ಣಿನಲ್ಲಿ ಬೆಳೆದು, ಬರಿಗಾಲಿನ ಚರ್ಮವನ್ನು ತೂರಿ ದೇಹವನ್ನು ಸೇರಿ, ಕರುಳಿಗೆ ಕಚ್ಚಿಕೊಂಡು ರಕ್ತವನ್ನು ಹೀರುವುವು. ಕಟ್ಟೆಯೊಡೆದ ಕೆರೆಗೆ ನೀರು ತುಂಬಿದಂತೆ, ಇವು ಇರುವವರೆಗೂ ಔಷಧವು ವ್ಯರ್ಥವಾಗುವುದು. ಪಾಯಿಖಾನೆಯ ಉಪಯೋಗವೂ, ಹೊಲಗದ್ದೆಗಳಲ್ಲಿ ಪಾದರಕ್ಷೆಯೂ ಇದಕ್ಕೆ ತಡೆ. ಗರ್ಭಿಣಿಗೆ ಮೊದಲ ಮೂರು ತಿಂಗಳು ಕಳೆದ ಮೇಲೆ ಆರೋಗ್ಯ ಕೇಂದ್ರದಲ್ಲಿ ಜಂತುನಾಶಕ ಮಾತ್ರೆಯನ್ನು ಕೊಡುವರು.

ಪರೀಕ್ಷೆ.— ಮುಖವನ್ನು ನೋಡಿ ರಕ್ತದ ಪ್ರಮಾಣವನ್ನು ಹೇಳಲಾಗದು. ಒಂದು ತೊಟ್ಟು ರಕ್ತದ ಪರೀಕ್ಷೆಯೇ ನಿಶ್ಚಯವಾದುದು. ಹಿಮೋಗ್ಲೋಬಿನ್ 100 ಮಿಲಿಲೀಟರು ರಕ್ತಕ್ಕೆ 11 ಗ್ರಾಂಗಿಂತ ಕಡಿಮೆಯಿದ್ದರೆ ವೈದ್ಯರು ದಿನಕ್ಕೆ ಎರಡು ಮಾತ್ರೆಗಳನ್ನು ವಿಧಿಸುವರು. ಒಂದು ತಿಂಗಳಲ್ಲಿ ಏರದಿದ್ದರೆ ಬೇರೆ ಕಾರಣವನ್ನು ಶೋಧಿಸಬೇಕು. 7 ಗ್ರಾಂಗಿಂತ ಕಡಿಮೆಯಾದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯತಕ್ಕದ್ದು. ಅಲ್ಲಿ ರಕ್ತನಾಳದ ಮೂಲಕ ಕಬ್ಬಿಣವನ್ನೋ, ಅಗತ್ಯವಿದ್ದರೆ ರಕ್ತವನ್ನೋ ಕೊಡುವರು. 2016ರಿಂದ ಪ್ರತಿ ತಿಂಗಳ 9ನೆಯ ತಾರೀಖಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಪರೀಕ್ಷೆಯು ಉಚಿತವಾಗಿ ನಡೆಯುತ್ತಿದೆ.

ಗಬ್ಬದ ಹಸುವಿಗೆ ಹಿಂಡಿಯನ್ನು ಹೆಚ್ಚಿಸಿ, ನೊಗದಿಂದ ಬಿಡಿಸುವ ವಿವೇಕವು ರೈತರಲ್ಲಿ ಹಿಂದಿನಿಂದಲೂ ಉಂಟು. ಎಲ್ಲರ ಊಟವಾದ ಮೇಲೆ ಉಳಿದುದನ್ನು ಉಣ್ಣುವ ಮನೆಯ ಸೊಸೆಯ ವಿಷಯದಲ್ಲಿಯೂ ಆ ವಿವೇಕವು ಕಾಣಬೇಕು. ಗರ್ಭಿಣಿಗೆ ಮೊದಲು ಬಡಿಸುವುದು, ದಿನದ ಮಾತ್ರೆಯನ್ನು ಜ್ಞಾಪಿಸುವುದು, ಪರೀಕ್ಷೆಯ ದಿನ ಹೊಲದ ಕೆಲಸದಿಂದ ಬಿಡುವು ಕೊಟ್ಟು ಜತೆಗೆ ಹೋಗುವುದು ಇವು ಯಜಮಾನನೂ ಅತ್ತೆಯೂ ಮಾಡತಕ್ಕ ಕೆಲಸಗಳು. ಇದಕ್ಕೆ ಹಣವು ಬೇಕಾಗಿಲ್ಲ, ಗಮನವು ಬೇಕು.